ಬೂಸಾ: ಒಂದು ಬೈಗುಳದ ಹುಟ್ಟು ಮತ್ತು ಬೆಲೆ

ಕೆಲವು ವರ್ಷಗಳ ಹಿಂದೆ ಬೈಲಹೊಂಗಲದಲ್ಲಿ ಒಂದು ಪುಸ್ತಕ ಬಿಡುಗಡೆ ಸಮಾರಂಭ ಮುಗಿಸಿ ನಾವು ನಾಲ್ಕೈದು ಮಂದಿ ಚಹಾದಂಗಡಿಯಲ್ಲಿ ಕುಳಿತಿದ್ದೆವು. ಮಾತು ಸಹಜವಾಗಿಯೇ ಸಾಹಿತ್ಯದ ಕಡೆಗೆ ಹೊರಳಿತು. ನಮ್ಮಲ್ಲೊಬ್ಬ ಗೆಳೆಯರು ಕೈಯಲ್ಲಿದ್ದ ಎರಡು ಹೊಸ ಪುಸ್ತಕಗಳನ್ನು ಮೇಜಿನ ಮೇಲೆ ಒಗೆದು, 'ಎಲ್ಲಾ ಬೂಸಾ, ಬಿಡ್ರಿ' ಎಂದರು. ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ರೈತರೊಬ್ಬರು ನಕ್ಕರು. 'ಬೂಸಾದ ರೇಟ್ ಗೊತ್ತದ ಏನ್ರಿ ಸರ ನಿಮಗ? ಒಂದ್ ಚೀಲ ತರೂದಂದ್ರ ವಿಚಾರ ಮಾಡಬೇಕಾಗ್ತದ' ಎಂದರು. ನಾವೂ ನಕ್ಕೆವು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಕಳಪೆ ಬರಹವನ್ನು ಹೀಗಳೆಯಲು ನಾವು ಬಳಸುವ ಅತ್ಯಂತ ಜನಪ್ರಿಯ ಪದ ಈ 'ಬೂಸಾ'. ಆದರೆ ಬೂಸಾವನ್ನು ದಿನವೂ ಕೈಯಲ್ಲಿ ಹಿಡಿಯುವ ಮನುಷ್ಯನಿಗೆ ಅದು ಬೈಗುಳವೇ ಅಲ್ಲ. ಅದು ದುಡ್ಡು ಕೊಟ್ಟು ತರುವ, ಎಮ್ಮೆಯ ಮುಂದೆ ಲೆಕ್ಕ ಹಾಕಿ ಸುರಿಯುವ ಆಹಾರ. ಹಾಗಿದ್ದರೆ ಒಂದು ಆಹಾರದ ಹೆಸರು ಬೈಗುಳವಾದದ್ದು ಹೇಗೆ? ಯಾವ ಬರಹವನ್ನು ಬೂಸಾ ಎನ್ನಬೇಕು ಎಂದು ತೀರ್ಮಾನಿಸುವವರು ಯಾರು? ಮೇಲ್ನೋಟಕ್ಕೆ ಇದು ನಿಘಂಟಿನ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಮ್ಮ ನಾಡಿನಲ್ಲಿ ಈ ಒಂದು ಪದಕ್ಕಾಗಿ ಬೀದಿಗಳಲ್ಲಿ ಹೊಡೆದಾಟ ನಡೆದಿದೆ, ಮಂತ್ರಿಯೊಬ್ಬರು ಪದವಿ ಕಳೆದುಕೊಂಡಿದ್ದಾರೆ.

ಕಣದಿಂದ ಬಂದ ಪದ

ಮೊದಲು ಪದದ ಮೂಲವನ್ನು ನೋಡೋಣ. ಸಂಸ್ಕೃತದಲ್ಲಿ 'ಬುಸ' ಎಂಬ ಪದವಿದೆ, ಹೊಟ್ಟು ಎಂದು ಅದರ ಅರ್ಥ. ಅಮರಕೋಶದಲ್ಲಿಯೂ ಅದು ಬರುತ್ತದೆ. ಹಿಂದಿ, ಉರ್ದುಗಳಲ್ಲಿ ಅದು 'ಭೂಸಾ' ಆಯಿತು. ಕನ್ನಡದ ಪೇಟೆಗಳಲ್ಲಿ ಮಹಾಪ್ರಾಣ ಕಳೆದುಕೊಂಡು 'ಬೂಸಾ' ಎಂದು ನಿಂತಿತು. ಉತ್ತರ ಭಾರತದಲ್ಲಿ ಭೂಸಾ ಎಂದರೆ ಒಕ್ಕಿದ ಗೋಧಿಯ ಹುಲ್ಲಿನ ಪುಡಿ. ನಮ್ಮಲ್ಲಿ ಗಿರಣಿಯಲ್ಲಿ ಗೋಧಿಹಿಟ್ಟು ತೆಗೆದ ಮೇಲೆ ಉಳಿಯುವ ತವುಡಿಗೆ ಈ ಹೆಸರು ಅಂಟಿಕೊಂಡಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರು ಇಂಥ ಪದಾರ್ಥಗಳನ್ನು ಎಂದೂ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಕಾಳು ಕಟ್ಟದೆ ಸಿಪ್ಪೆಯಷ್ಟೇ ಇರುವುದು ಜೊಳ್ಳು. ತೂರಿದಾಗ ಅದು ಗಾಳಿಗೆ ಹಾರಿಹೋಗುತ್ತದೆ, ಯಾರೂ ಅದರ ಹಿಂದೆ ಓಡುವುದಿಲ್ಲ. ಕಡಲೆ, ತೊಗರಿ ಒಕ್ಕಿದಾಗ ಉಳಿಯುವುದು ಹೊಟ್ಟು. ಅದನ್ನು ಜೋಪಾನವಾಗಿ ತುಂಬಿಡುತ್ತಾರೆ, ಬೇಸಿಗೆಯಲ್ಲಿ ದನಗಳ ಜೀವ ಉಳಿಸುವುದು ಅದೇ. ಜೋಳದ ದಂಟು ಕಣಕಿ. ಹತ್ತಿಕಾಳು, ಶೇಂಗಾ ಹಿಂಡಿದ ಮೇಲೆ ಉಳಿಯುವುದು ಹಿಂಡಿ. ಅಂಗಡಿಯಿಂದ ಬರುವುದು ಬೂಸಾ. ಗೋಧಿ ಕಾಳಿನ ತೂಕದಲ್ಲಿ ನೂರಕ್ಕೆ ಸುಮಾರು 14-15 ಭಾಗ ಈ ತವುಡು. ನಾರು, ಕಬ್ಬಿಣದ ಅಂಶ, ಬಿ ಗುಂಪಿನ ವಿಟಮಿನ್‌ಗಳು ಬಿಳಿ ಹಿಟ್ಟಿಗಿಂತ ಇದರಲ್ಲಿಯೇ ಹೆಚ್ಚು. ಮನುಷ್ಯ ಬಿಳಿಯ ಮೈದಾ ತಿಂದು, ಸತ್ವವನ್ನು ದನಕ್ಕೆ ಹಾಕಿ, ಆ ಸತ್ವವನ್ನೇ ಬೈಗುಳ ಮಾಡಿಕೊಂಡಿದ್ದಾನೆ ಎಂದರೆ ತಪ್ಪಾಗದು.

ನಗರದ ವಿಮರ್ಶಕ ಜೊಳ್ಳು, ಹೊಟ್ಟು, ಬೂಸಾಗಳನ್ನು ಒಂದೇ ಮಾಡಿ ಬೈಯುತ್ತಾನೆ. ರೈತನಿಗೆ ವ್ಯತ್ಯಾಸ ಗೊತ್ತು. ಸಾಹಿತ್ಯದ ಚರ್ಚೆಗೂ ಈ ವ್ಯತ್ಯಾಸ ಬೇಕು ಎಂಬುದು ನನ್ನ ವಾದ.

ಬಾಡಿಗೆ ಕುದುರೆ ಮತ್ತು ಕುಕವಿ

ಬೇರೆ ಭಾಷೆಗಳು ಕಳಪೆ ಬರಹಕ್ಕೆ ಏನೆನ್ನುತ್ತವೆ? ಇಂಗ್ಲಿಷಿನಲ್ಲಿ 'ಹ್ಯಾಕ್' ಎಂಬ ಪದವಿದೆ. ಅದರ ಮೂಲ 'ಹ್ಯಾಕ್ನಿ', ಅಂದರೆ ಬಾಡಿಗೆಗೆ ಸಿಗುವ ಸಾಧಾರಣ ಕುದುರೆ. ಯಾರು ದುಡ್ಡು ಕೊಟ್ಟರೂ ಹೊತ್ತುಕೊಂಡು ಹೋಗುವ ಕುದುರೆಯಂತೆ, ಯಾರು ದುಡ್ಡು ಕೊಟ್ಟರೂ ಬರೆದುಕೊಡುವವನು ಹ್ಯಾಕ್. ಲಂಡನ್ನಿನಲ್ಲಿ ಇಂಥ ಬಡ ಬರಹಗಾರರು ವಾಸಿಸುತ್ತಿದ್ದ 'ಗ್ರಬ್ ಸ್ಟ್ರೀಟ್' ಎಂಬ ಓಣಿಯ ಹೆಸರೇ ಕೀಳು ಬರಹಕ್ಕೆ ಇನ್ನೊಂದು ಹೆಸರಾಯಿತು. 1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಈ ಪದವನ್ನೂ ಅದರಲ್ಲಿ ಸೇರಿಸಿದರು. ಆ ಓಣಿಯಲ್ಲಿ ವಾಸಿಸುವವರ ಪಟ್ಟಿಯಲ್ಲಿ ನಿಘಂಟು ಬರೆಯುವವರನ್ನೂ ಸೇರಿಸಿ ತಮ್ಮನ್ನೇ ಚುಚ್ಚಿಕೊಂಡರು. ಹೊಟ್ಟೆಪಾಡಿಗಾಗಿ ಬರೆದು ಬೆಳೆದ ಮನುಷ್ಯ ಅವರು. ಹಾಗಾಗಿ ಆ ತಮಾಷೆಯಲ್ಲಿ ಸತ್ಯವಿತ್ತು.

ಉರ್ದುವಿನಲ್ಲಿ 'ತುಕಬಂದಿ' ಎನ್ನುತ್ತಾರೆ. ಕವಿತೆಯಿಲ್ಲದೆ ಬರೀ ಪ್ರಾಸ ಕಟ್ಟುವುದು. 'ರದ್ದಿ' ಎಂಬುದು ನಮಗೂ ಗೊತ್ತಿರುವ ಪದ. ತಿರಸ್ಕರಿಸು ಎಂಬ ಅರ್ಥದ ಅರಬಿಯ 'ರದ್ದ್' ಅದರ ಮೂಲ. ಕೋರ್ಟಿನ ಆದೇಶ 'ರದ್ದು' ಆಗುವುದೂ, ಹಳೆಯ ಪೇಪರು 'ರದ್ದಿ'ಗೆ ಹೋಗುವುದೂ ಒಂದೇ ಬೇರಿನಿಂದ. ಹಳಗನ್ನಡದ ಕವಿಗಳಂತೂ ಕಾವ್ಯದ ಆರಂಭದಲ್ಲಿಯೇ ಸುಕವಿಗಳನ್ನು ಹೊಗಳಿ ಕುಕವಿಗಳನ್ನು ನಿಂದಿಸುವ ಸಂಪ್ರದಾಯ ಇಟ್ಟುಕೊಂಡಿದ್ದರು.

ಈ ಪದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. 'ಕುಕವಿ' ಎಂಬುದು ಪಂಡಿತರು ಪಂಡಿತರಿಗೆ ಹೇಳಿದ ಮಾತು. 'ಹ್ಯಾಕ್' ಎಂಬುದು ದುಡಿದು ತಿನ್ನುವವನ ಬಡತನವನ್ನು ಚುಚ್ಚುವ ಮಾತು. 'ಬೂಸಾ' ಇವೆರಡಕ್ಕಿಂತ ಭಿನ್ನ. ಅದು ಬರೆದವನ ಪಾಂಡಿತ್ಯವನ್ನಾಗಲಿ, ಬಡತನವನ್ನಾಗಲಿ ಕೇಳುವುದಿಲ್ಲ. ಇದನ್ನು ತಿಂದು ಯಾರ ಹೊಟ್ಟೆ ತುಂಬುತ್ತದೆ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ಮೊದಲ ಬಾರಿ ಜೋರಾಗಿ ಕೇಳಿದವರು ಸಾಹಿತಿಯಲ್ಲ, ಒಬ್ಬ ದಲಿತ ರಾಜಕಾರಣಿ.

1973ರ ಪ್ರಶ್ನೆ

ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಅವರ ಸಂಪುಟದಲ್ಲಿ ಮಂತ್ರಿಗಳಾಗಿದ್ದರು. ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ನಿಲ್ಲಿಸಲು ಆದೇಶ ಹೊರಡಿಸಿದವರು. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಾತನಾಡುತ್ತ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಅರ್ಥದ ಮಾತು ಹೇಳಿದರು. ದಲಿತ ವಿದ್ಯಾರ್ಥಿಗಳು ಇಂಗ್ಲಿಷ್ ಕಲಿಯಬೇಕೆಂದೂ ಹೇಳಿದರು. ಮರುದಿನದಿಂದ ರಾಜ್ಯ ಹೊತ್ತಿ ಉರಿಯಿತು. ಕನ್ನಡಕ್ಕೆ ಅವಮಾನವಾಯಿತೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಅವರಂಥ ಹಿರಿಯರು ಬಸವಲಿಂಗಪ್ಪನವರ ಮಾತಿನಲ್ಲಿ ಸತ್ಯವಿದೆ ಎಂದು ಅವರ ಪರ ನಿಂತರು. ಆದರೂ ಕೊನೆಗೆ ಅವರು ಮಂತ್ರಿಪದವಿ ಬಿಡಬೇಕಾಯಿತು.

ಇಲ್ಲಿ ಗಮನಿಸಬೇಕಾದದ್ದು ಏನು? ಗಲಾಟೆ ಮಾಡಿದವರು ಕೇಳಿದ್ದು 'ಬೂಸಾ' ಎಂಬ ಒಂದೇ ಪದ. ಅದರ ಹಿಂದಿದ್ದ ಪ್ರಶ್ನೆಯನ್ನು ಅವರು ಕೇಳಿಸಿಕೊಳ್ಳಲಿಲ್ಲ. ಸಾವಿರ ವರ್ಷದ ಸಾಹಿತ್ಯದಲ್ಲಿ ಕೇರಿಯ ಮನುಷ್ಯ ಎಲ್ಲಿದ್ದಾನೆ? ಇದ್ದರೆ ಮನುಷ್ಯನಾಗಿ ಇದ್ದಾನೆಯೇ? ಇಲ್ಲವಾದರೆ ಈ ಸಾಹಿತ್ಯ ಅವನ ಮಗನಿಗೆ ಯಾವ ಆಹಾರ ಕೊಟ್ಟೀತು? ಪಂಪನನ್ನೂ ವಚನಕಾರರನ್ನೂ ಒಂದೇ ಚೀಲಕ್ಕೆ ತುಂಬಿದ್ದರೆ ಅದು ಅನ್ಯಾಯವೇ ಸರಿ. ಆ ದೃಷ್ಟಿಯಿಂದ ಮಂತ್ರಿಗಳ ಮಾತು ಸಾಹಿತ್ಯ ವಿಮರ್ಶೆಯಾಗಿ ಸಡಿಲವಾಗಿತ್ತು. ಆದರೆ ಪ್ರಶ್ನೆಯಾಗಿ ಅದು ಗಟ್ಟಿಯಾಗಿತ್ತು ಎಂಬುದಕ್ಕೆ ನಂತರದ ಇತಿಹಾಸವೇ ಸಾಕ್ಷಿ. ಆ ಗಲಾಟೆಯ ಬಿಸಿಯಲ್ಲಿಯೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ದೇವನೂರ ಮಹಾದೇವ ಅವರು 'ಒಡಲಾಳ' ಬರೆದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು.

ಇದೇ ಗಾಳಿಯಲ್ಲಿ ಮುಸ್ಲಿಂ ಬರಹಗಾರರೂ ಮಾತನಾಡತೊಡಗಿದರು. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್. ಅಲ್ಲಿಯವರೆಗೆ ಕನ್ನಡ ಕಥೆಯಲ್ಲಿ ಮುಸ್ಲಿಮನೆಂದರೆ ಹೆಚ್ಚಾಗಿ ದಂಡೆತ್ತಿ ಬರುವ ನವಾಬ ಅಥವಾ ಪ್ರಾಮಾಣಿಕ ಜಟಕಾ ಸಾಬಿ. ಮನೆಯೊಳಗಿನ ಹೆಣ್ಣು, ಬೀಡಿ ಕಟ್ಟುವ ಕೈ, ತಲಾಖಿನ ನೋವು, ಮೀನು ಮಾರುವವನ ಸಾಲ ಇವೆಲ್ಲ ಕನ್ನಡದಲ್ಲಿ ಕಾಣಿಸಿಕೊಂಡದ್ದು ಆಮೇಲೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಇಡೀ ಕರ್ನಾಟಕ ಕನ್ನಡದ ಹೆಮ್ಮೆ ಎಂದು ಕುಣಿಯಿತು. ಆ ಹೆಮ್ಮೆಯ ಒಂದು ಬೇರು 1973ರ ಆ 'ಅವಮಾನ'ದಲ್ಲಿಯೂ ಇದೆ ಎಂಬುದನ್ನು ಎಷ್ಟು ಮಂದಿ ನೆನೆದರು?

ಬೈಲಹೊಂಗಲದ ಬೂಸಾ

ಈಗ ಮತ್ತೆ ನಮ್ಮ ಸೀಮೆಗೆ ಬರೋಣ. ಬಸವಲಿಂಗಪ್ಪನವರು ಮೇಲಿನವರ ಸಾಹಿತ್ಯಕ್ಕೆ ಬೂಸಾ ಎಂದರು. ಆದರೆ ಅವರಿಗಿಂತ ಎಷ್ಟೋ ಮೊದಲಿನಿಂದ ಮೇಲಿನವರು ಕೆಳಗಿನವರ ಸಾಹಿತ್ಯಕ್ಕೆ ಇದೇ ಅರ್ಥದ ಮಾತುಗಳನ್ನು ಬಳಸುತ್ತಲೇ ಬಂದಿದ್ದರು.

'ಸಂಗ್ಯಾ ಬಾಳ್ಯಾ' ಬೈಲಹೊಂಗಲದ ಕಥೆ. ಗೆಳೆತನ, ಪರಸ್ತ್ರೀ ಮೋಹ, ವಿಶ್ವಾಸದ್ರೋಹ, ಕೊಲೆ. ಬೈಲವಾಡದ ಪತ್ತಾರ ಮಾಸ್ತರರ ಹೆಸರಿನೊಂದಿಗೆ ಕೂಡಿಕೊಂಡಿರುವ ಈ ಸಣ್ಣಾಟ, ಊರೂರಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಮರ್ಯಾದಸ್ಥರ ಮನೆಯವರು ನೋಡಬಾರದ ಆಟ ಎಂದು ಅದಕ್ಕೆ ಹೆಸರಿತ್ತು. ಪೋಲಿ, ಅಶ್ಲೀಲ, ಕೀಳು ಎಂಬ ವಿಶೇಷಣಗಳು ಅದಕ್ಕೆ ಧಾರಾಳವಾಗಿ ಸಿಕ್ಕಿದ್ದವು. ನಮ್ಮ ಜಿಲ್ಲೆಯವರೇ ಆದ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪ್ರಕಟಿಸಿದರು. ನಗರದ ರಂಗತಂಡಗಳು ಆಡಿದವು. 1992ರಲ್ಲಿ ಸಿನಿಮಾ ಆಯಿತು. ಈಗ ವಿಶ್ವವಿದ್ಯಾಲಯಗಳಲ್ಲಿ ಅದರ ಅಧ್ಯಯನ ನಡೆಯುತ್ತದೆ. ನಾಟಕದ ಪದಗಳು ಬದಲಾಗಲಿಲ್ಲ, ಅದನ್ನು ತೂರುವ ಮೊರ ಬದಲಾಯಿತು.

ಮೊಹರಂ ಪದಗಳ ಕಥೆಯೂ ಇದೇ. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಕುಟುಂಬಗಳೇ ಇಲ್ಲ, ಆದರೂ ಹಿಂದೂಗಳೇ ಮೊಹರಂ ಆಚರಿಸುತ್ತಾರೆ ಎಂಬುದು 2022ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ನಮ್ಮ ಕಡೆಯವರಿಗೆ ಅದು ಸುದ್ದಿಯೇ ಅಲ್ಲ. ಕರ್ಬಲಾದ ಕಥೆಯನ್ನು ಅಚ್ಚ ಉತ್ತರ ಕರ್ನಾಟಕದ ಕನ್ನಡದಲ್ಲಿ ಹಾಡುವ ಮೇಳಗಳು ಈ ಸೀಮೆಯಲ್ಲಿ ಹೇರಳವಾಗಿದ್ದವು. ಅವರು ಹಾಡುವ 'ರಿವಾಯತ್' ಪದಕ್ಕೆ ಅರಬಿಯಲ್ಲಿ ನಿರೂಪಣೆ, ಒಬ್ಬರಿಂದೊಬ್ಬರಿಗೆ ಬಂದ ವೃತ್ತಾಂತ ಎಂದರ್ಥ. ಕನ್ನಡ ಪಂಡಿತರಿಗೆ ಇದು ಅಶುದ್ಧ ಕನ್ನಡ. ನಮ್ಮ ಧಾರ್ಮಿಕ ಪಂಡಿತರಿಗೆ ಇದು ಅಶುದ್ಧ ಆಚರಣೆ. ಆಚರಣೆಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಅದು ಬೇರೆ ಚರ್ಚೆ. ಆದರೆ ಎರಡೂ ಕಡೆಯಿಂದ ಬೂಸಾ ಎನಿಸಿಕೊಂಡ ಆ ಪದಗಳಲ್ಲಿ, ಎಂದೂ ಅರಬಿ ಕಲಿಯದ ಕುರುಬನೊಬ್ಬ ಹುಸೇನರ ಬಾಯಾರಿಕೆಗೆ ಕಣ್ಣೀರಿಡುವ ಶಕ್ತಿ ಇತ್ತು. ಸಂತ ಶಿಶುನಾಳ ಶರೀಫರೂ ಪಂಡಿತರ ಸಾಹಿತ್ಯ ಚರಿತ್ರೆಯ ಮುಖ್ಯ ದ್ವಾರದಿಂದ ಒಳಗೆ ಬಂದವರಲ್ಲ. ಅವರನ್ನು ಭಜನಾ ಮೇಳಗಳು ಉಳಿಸಿಕೊಂಡವು. ಧ್ವನಿಸುರುಳಿ, ಸಿನಿಮಾ ಬಂದ ಮೇಲೆ ಪಂಡಿತರು ಎದ್ದು ನಿಂತು ನಮಸ್ಕರಿಸಿದರು.

ಮೂರನೆಯದು ಜಾತ್ರೆಯ ನಾಟಕ. ಬನದ ಹುಣ್ಣಿಮೆಯ ಯಲ್ಲಮ್ಮನ ಜಾತ್ರೆಯಿಂದ ಹಿಡಿದು ರಾಮದುರ್ಗದ ಸಣ್ಣ ಹಳ್ಳಿಯ ಜಾತ್ರೆಯವರೆಗೆ, ತೆಳ್ಳಗಿನ ಅಗ್ಗದ ಪುಸ್ತಕಗಳ ಅಂಗಡಿ ಇಲ್ಲದ ಜಾತ್ರೆ ಹಿಂದೆ ಇರಲಿಲ್ಲ. ಗೀಗೀ ಪದ, ಲಾವಣಿ, ಭಜನೆ, ಪಂಚಾಂಗ, ಜೊತೆಗೆ ಅಣ್ಣ-ತಂಗಿ, ಗೌಡ-ಬಡವರ ಸಾಮಾಜಿಕ ನಾಟಕಗಳು. ಇವುಗಳನ್ನು ಬರೆದವರಲ್ಲಿ ಹಳ್ಳಿಯ ಮಾಸ್ತರರು, ದರ್ಜಿಗಳು, ನೇಕಾರರು ಎಲ್ಲ ಇದ್ದರು. ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿ, ವೃತ್ತಿರಂಗಭೂಮಿಯಲ್ಲಿ ಜೀವ ತೇಯ್ದು, 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರಂಥ ದೊಡ್ಡ ಕಲಾವಿದ ಬೆಳೆದದ್ದು ಶಿಷ್ಟರ ಸಾಹಿತ್ಯದ ಹೊಲದಲ್ಲಿ ಅಲ್ಲ, ನಾಟಕ ಕಂಪನಿಗಳ ಹೊಲದಲ್ಲಿ. ಕಾದಂಬರಿಯ ಓದುಗರೂ ಹೀಗೆಯೇ ಹುಟ್ಟಿದರು. ಮರಾಠಿಯಿಂದ ಕನ್ನಡಿಸಿದ ರೋಚಕ ಐತಿಹಾಸಿಕ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿದ ಗಳಗನಾಥರು ಇಲ್ಲದಿದ್ದರೆ ಈ ಭಾಗದಲ್ಲಿ ಕನ್ನಡ ಪುಸ್ತಕ ಓದುವ ಚಟವೇ ಹತ್ತುತ್ತಿರಲಿಲ್ಲ. ಹೊಟ್ಟು ತಿಂದ ಎತ್ತೇ ನೇಗಿಲು ಎಳೆದದ್ದು.

ಹಾಗಾದರೆ ಎಲ್ಲವೂ ಒಳ್ಳೆಯದೇ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಹೀಗಳೆಯಲ್ಪಟ್ಟದ್ದೆಲ್ಲ ಶ್ರೇಷ್ಠ ಎಂದು ಹೇಳಿದರೆ ವಿಮರ್ಶೆಗೆ ಕೆಲಸವಿಲ್ಲ. ಜಾತ್ರೆಯ ನಾಟಕಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಎರಡನೇ ಅಂಕದಲ್ಲಿ ಕುಡುಕ ಗಂಡ, ಮೂರನೆಯದರಲ್ಲಿ ತಂಗಿಯ ಸಾವು, ನಡುವೆ ಎರಡರ್ಥದ ಹಾಸ್ಯ. ಬೂಸಾ ಎಂಬ ಪದವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ರೈತ ಬಳಸುವಷ್ಟು ಎಚ್ಚರದಿಂದ ಬಳಸಿ ಎನ್ನುತ್ತಿದ್ದೇನೆ.

ಜೊಳ್ಳಿನಂಥ ಬರಹವಿದೆ. ನೋಡಲು ಕಾಳಿನಂತೆಯೇ ಇರುತ್ತದೆ. ಚಂದದ ಮುಖಪುಟ, ಗಣ್ಯರ ಮುನ್ನುಡಿ, ಭಾರವಾದ ಪರಿಭಾಷೆ. ಒಡೆದರೆ ಒಳಗೆ ಏನೂ ಇಲ್ಲ. ಇಂಥದನ್ನು ಹೆಚ್ಚಾಗಿ ಬರೆಯುವವರು ಜಾತ್ರೆಯ ಕವಿಗಳಲ್ಲ, ನಮ್ಮಂಥ ಓದಿದವರು. ಗಾಳಿಯೇ ಅದರ ತೀರ್ಪು ಹೇಳುತ್ತದೆ. ಹೊಟ್ಟಿನಂಥ, ಬೂಸಾದಂಥ ಬರಹವಿದೆ. ಅದು ಶ್ರೇಷ್ಠವಲ್ಲ, ಆದರೆ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮಗ್ಗದ ಪಕ್ಕದಲ್ಲಿ ಸಾವಿರಾರು ಜನರನ್ನು ಅಕ್ಷರದ ಜೊತೆ ಇರಿಸಿದೆ. ಅದಕ್ಕೆ ಪ್ರಶಸ್ತಿ ಬೇಡ, ಆದರೆ ಅವಮಾನವೂ ಬೇಡ.

ನಿಜವಾಗಿ ಭಯಪಡಬೇಕಾದದ್ದು ಮೂರನೆಯದಕ್ಕೆ. ಅದು ಕಲಬೆರಕೆ. ಬೂಸಾದಲ್ಲಿ ಮರದ ಪುಡಿ ಬೆರೆಸಿ ಮಾರಿದರೆ ಎಮ್ಮೆ ಕಾಯಿಲೆ ಬೀಳುತ್ತದೆ. ಬರಹದಲ್ಲಿ ದುಡ್ಡಿಗಾಗಿ ಅಥವಾ ದ್ವೇಷಕ್ಕಾಗಿ ಸುಳ್ಳು ಬೆರೆಸಿದರೆ ಊರೇ ಕಾಯಿಲೆ ಬೀಳುತ್ತದೆ. ಬಾಡಿಗೆ ಕುದುರೆಯ ಬರಹ ಎಂದರೆ ಇದು. ಕಾಸು ಕೊಟ್ಟು ಸುದ್ದಿ ಬರೆಸುವ ರೋಗದ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿಯೇ ವರದಿ ಕೊಟ್ಟಿತ್ತು. 2020ರಲ್ಲಿ ಕೊರೊನಾ ಬಂದಾಗ ತಬ್ಲೀಗ್ ಜಮಾಅತಿನ ಹೆಸರಿನಲ್ಲಿ ಮಾಧ್ಯಮಗಳು ಬರೆದದ್ದನ್ನು ನಾವು ಮರೆತಿಲ್ಲ. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ವಿದೇಶಿ ಪ್ರಜೆಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿ, ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿತು. ಆದರೆ ಅಷ್ಟರಲ್ಲಿ ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಯನ್ನು ಓಣಿಗೆ ಬರಬೇಡ ಎಂದು ಕಳಿಸಿಯಾಗಿತ್ತು. ಆ ವರದಿಗಳ ವ್ಯಾಕರಣ ಶುದ್ಧವಾಗಿತ್ತು, ಶೀರ್ಷಿಕೆಗಳು ಪ್ರಾಸಬದ್ಧವಾಗಿದ್ದವು. ಸಂಗ್ಯಾ ಬಾಳ್ಯಾದ ಒರಟು ಕನ್ನಡದಲ್ಲಿ ಅಂಥ ವಿಷ ಒಂದು ಹನಿಯೂ ಇಲ್ಲ.

ಬೆರಳು ನಮ್ಮ ಕಡೆಗೂ ತಿರುಗಬೇಕು. ಮುಸ್ಲಿಂ ಓದುಗರಿಗಾಗಿ ನಾವು ಬರೆದುಕೊಳ್ಳುವ ಎಷ್ಟೋ ಕಥೆಗಳಲ್ಲಿ ನಾಯಕಿ ಮೊದಲ ಸಾಲಿನಿಂದಲೇ ಆದರ್ಶ, ಎದುರಾಳಿ ಮೊದಲ ಸಾಲಿನಿಂದಲೇ ದಾರಿ ತಪ್ಪಿದವಳು. ಕೊನೆಯ ಪ್ಯಾರಾದಲ್ಲಿ ಒಂದು ಉಪದೇಶ. ಉದ್ದೇಶ ಒಳ್ಳೆಯದು ಎಂಬ ಕಾರಣಕ್ಕೆ ಜೊಳ್ಳು ಕಾಳಾಗುವುದಿಲ್ಲ. ಬೇರೆಯವರು ನಮ್ಮನ್ನು ಅಚ್ಚಿನಲ್ಲಿ ಒತ್ತಿದ್ದಾರೆ ಎಂದು ದೂರುವ ನಾವೇ ನಮ್ಮ ಮನುಷ್ಯರನ್ನು ಇನ್ನೊಂದು ಅಚ್ಚಿನಲ್ಲಿ ಒತ್ತಿದರೆ, ಆ ದೂರಿಗೆ ಅರ್ಥವೇನು? ಸಾರಾ ಅಬೂಬಕ್ಕರ್ ಅವರು ಅಚ್ಚು ಮುರಿದು ಬರೆದಾಗ ಸಿಟ್ಟಾದವರಲ್ಲಿ ನಮ್ಮವರೂ ಇದ್ದರು. ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕಾಗಿಲ್ಲ. ಆದರೆ ತಾನು ಕಂಡದ್ದನ್ನೇ ಬರೆದರು ಎಂಬುದನ್ನು ಒಪ್ಪಲೇಬೇಕು.

ಆ ದಿನ ಚಹಾದಂಗಡಿಯಿಂದ ಏಳುವಾಗ ನಾನು ಆ ರೈತರನ್ನು ಕೇಳಿದೆ, 'ಒಳ್ಳೆ ಬೂಸಾ ಹೆಂಗ ಗುರ್ತ ಹಿಡೀತೀರಿ?' ಅವರು ಅಂಗೈ ಮುಂದೆ ಚಾಚಿದರು. 'ಒಂದ್ ಹಿಡಿ ತಗೊಂಡು ತಿಕ್ಕಬೇಕ್ರಿ. ಹಿಟ್ಟಿನ ವಾಸನಿ ಬರಬೇಕು. ಧೂಳ ಕೈಗೆ ಹತ್ತಿದ್ರ ತಗೋಬಾರದು. ಚೀಲದ ಮ್ಯಾಲಿನ ಹೆಸರ ನೋಡಿ ತಂದವ ಮೋಸ ಹೋಗ್ತಾನ.'

ಪುಸ್ತಕ ವಿಮರ್ಶೆ ಬರೆಯುವ ನಾವೆಲ್ಲ ಹೆಚ್ಚಾಗಿ ಚೀಲದ ಮೇಲಿನ ಹೆಸರನ್ನೇ ಓದುತ್ತೇವೆ. ಮೇಜಿನ ಮೇಲೆ ಬಿದ್ದಿದ್ದ ಆ ಎರಡು ಪುಸ್ತಕಗಳನ್ನು ನಮ್ಮಲ್ಲಿ ಯಾರೂ ಇನ್ನೂ ಓದಿರಲಿಲ್ಲ. ನಾನು ಅವುಗಳನ್ನು ಎತ್ತಿಕೊಂಡು ಮನೆಗೆ ಬಂದೆ. ಒಂದು ನಿಜಕ್ಕೂ ಜೊಳ್ಳೇ ಆಗಿತ್ತು. ಇನ್ನೊಂದರಲ್ಲಿ ಎರಡು ಕಥೆಗಳಿಗೆ ಹಿಟ್ಟಿನ ವಾಸನೆ ಇತ್ತು.